ಕೈತಚ್ಚಿರ ಬೋಟಿನ ಗ್ರಾಫಿಗೆ ಬಾಯಿ ಬರಿಸಿದ ಬಗ್ಗೆ

ಸಂಖ್ಯೆ: ಹಿನೀ/ಗ್ರಾಫ್/ಬದಲಿ ಬರಹ/ಸು-3
ಹಿನ್ನೀರು ವಲಯ ಕಚೇರಿ, ಜೆಟ್ಟಿ ಕಟ್ಟಡ, ಎರಡನೆಯ ಮಹಡಿ (ಲಿಫ್ಟ್ ಮೊದಲನೆಯ ಮಹಡಿಯವರೆಗೆ ಮಾತ್ರ)

ವಿಷಯ: ಸ್ಲೈಡುಗಳಲ್ಲಿನ ಗ್ರಾಫುಗಳು ಕಣ್ಣು ಕಾಣದವರ ಕಿವಿಗೂ ತಲುಪುವಂತೆ ಮಾಡುವ ಕುರಿತು.

ಉಲ್ಲೇಖ: 1) ಪ್ರತಿ ಗ್ರಾಫಿಗೂ ಬದಲಿ ಬರಹ ಇರತಕ್ಕದ್ದು ಎಂಬ ಸುತ್ತೋಲೆ ಸು-1.
2) ಬದಲಿ ಬರಹವೆಂದು 'ಗ್ರಾಫ್' ಎಂದಷ್ಟೇ ಬರೆಯತಕ್ಕದ್ದಲ್ಲ, ಅರ್ಥಪೂರ್ಣವಾಗಿ ಬರೆಯತಕ್ಕದ್ದು ಎಂಬ ಸು-2.
3) ತದನಂತರ ಎಲ್ಲ ಶಾಖೆಗಳಿಂದ 'ಅರ್ಥಪೂರ್ಣ ಗ್ರಾಫ್' ಎಂದು ಬರೆದು ಸಲ್ಲಿಸಲಾದ ಸ್ಲೈಡುಗಳು.

ಪ್ರಸ್ತಾವನೆ:

ಈ ಮಳೆಗಾಲದಲ್ಲಿ ವರ್ಗವಾಗಿ ಬಂದಿರುವ ಜಂಟಿ ನಿರ್ದೇಶಕಿ ಶ್ರೀಮತಿ ಏಲಿಕ್ಕುಟ್ಟಿ ಕುರುವಿಳ ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಅವರ ಕಂಪ್ಯೂಟರು ಕಿವಿಯಲ್ಲಿ ಓದಿ ಹೇಳುತ್ತದೆ. ಗ್ರಾಫ್ ಎದುರಾದಾಗ, ಮಾಡಿದವರು ಅದರ ಬೆನ್ನಿಗೆ ಬರೆದಿಟ್ಟ ಬದಲಿ ಬರಹವನ್ನು ಓದುತ್ತದೆ. ಏನೂ ಬರೆದಿರದಿದ್ದರೆ 'ಚಿತ್ರ' ಎಂದು ಹೇಳಿ ಸುಮ್ಮನಾಗುತ್ತದೆ. ಕಣ್ಣಿದ್ದವರಿಗೆ ಈ ಬರಹ ಕಾಣದಿರುವುದರಿಂದ ಅದು ಅನವಶ್ಯಕವೆಂದು ಸಿಬ್ಬಂದಿ ಭಾವಿಸಿದ್ದು ಗಮನಕ್ಕೆ ಬಂದಿದೆ.

ಹೀಗಿರಲಾಗಿ, ಕೈತಚ್ಚಿರ ದ್ವೀಪದ ಸಂಜೆ ಆರೂವರೆಯ ಬೋಟನ್ನು ನಿಲ್ಲಿಸುವ ಪ್ರಸ್ತಾವವನ್ನು ಯೋಜನಾ ಸಹಾಯಕ ಶ್ರೀ ಪುಷ್ಕರನ್ ಅವರು ಕಳೆದ ಸಭೆಯಲ್ಲಿ ಮಂಡಿಸಿದರು. ಗೋಡೆಯ ಮೇಲೆ ಏಳು ಬಣ್ಣದ ಕಂಬಗಳು ಮೂಡಿದವು. ಮೊದಲ ಕಂಬ ಸೂರಿನವರೆಗೆ, ಕೊನೆಯದು ಮೊಣಕಾಲಿನವರೆಗೆ. ಕಳೆದ ಓಣಂನಿಂದೀಚೆಗೆ ಪ್ರಯಾಣಿಕರು ಕುಸಿದುಹೋಗಿದ್ದಾರೆಂದು ಸಭೆಯು ಒಕ್ಕೊರಲಿನಿಂದ ಕಂಡುಕೊಂಡಿತು.

ದ್ವೀಪದ ಪರವಾಗಿ ಬಂದಿದ್ದ, ಈಚೆ ದಡದ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ತಂಗಮ್ಮ ಎಂಬವರನ್ನು ವಿಚಾರಿಸಲಾಯಿತು. ಈ ಬೋಟು ನಿಂತರೆ ಅವರ ಪಾಳಿಯ ಹೆಂಗಸರಿಗೆ ಮನೆಗೆ ಹೋಗಲು ಬೇರೆ ದಾರಿಯಿಲ್ಲ. ಅವರ ಹೇಳಿಕೆ ನಡಾವಳಿಯಲ್ಲಿ ಇಂತಿದೆ: "ನಮಗಂತೂ ಕೂರೋಕೆ ಜಾಗ ಸಿಗಲ್ಲ ಸಾರ್. ಆದ್ರೆ ಗೋಡೆ ಮೇಲೆ ಹಿಂಗೆ ಬಿದ್ದಿರೋದು ಕಣ್ಣಾರೆ ಕಾಣ್ತಿದೆಯಲ್ಲ, ನಾನೇನು ಹೇಳ್ಲಿ."

ಎಲ್ಲರೂ ಒಪ್ಪಿದ ಮೇಲೆ ಶ್ರೀಮತಿ ಕುರುವಿಳ ಅವರು ಕಿವಿಯಿಂದ ಇಯರ್‌ಫೋನ್ ತೆಗೆದು, ತಮಗೆ ಕೇಳಿಸಿದ್ದು 'ಅರ್ಥಪೂರ್ಣ ಗ್ರಾಫ್' ಎಂಬ ಎರಡು ಪದ ಮಾತ್ರವೆಂದೂ, ಅಷ್ಟರ ಮೇಲೆ ಬೋಟು ನಿಲ್ಲಿಸಲು ತಮಗೆ ಧೈರ್ಯ ಸಾಲದೆಂದೂ ತಿಳಿಸಿದರು. ಶ್ರೀ ಪುಷ್ಕರನ್ ಅವರು ಕಂಬಗಳು ಇಳಿಯುತ್ತಿವೆ ಎಂದು ವಿವರಿಸಿದರು.

"ಎಷ್ಟರಿಂದ ಎಷ್ಟಕ್ಕೆ ಪುಷ್ಕರನ್?"

"ತುಂಬಾ ಇಳಿದಿದೆ ಮೇಡಂ."

"ತುಂಬಾ ಅನ್ನೋದು ಯಾವ ಲೆಕ್ಕದಲ್ಲೂ ಬರಲ್ಲ. ಅಂಕಿ ಓದಿ."

ಶ್ರೀ ಪುಷ್ಕರನ್ ಅವರು ಗೋಡೆಯ ಬಳಿಗೆ ಹೋಗಿ ಓದಿದರು. ನೂರಹದಿನೆಂಟರಿಂದ ನೂರೊಂಬತ್ತಕ್ಕೆ. ಗ್ರಾಫಿನ ಬುಡದ ಗೆರೆ ಸೊನ್ನೆಯಿಂದಲ್ಲ, ನೂರೈದರಿಂದ ಆರಂಭವಾಗಿತ್ತು. ಕಂಪ್ಯೂಟರು ತಾನಾಗಿಯೇ ಹಾಗೆ ಮಾಡಿತ್ತು, ನೋಡಲು ಚೆನ್ನಾಗಿದೆಯೆಂದು ಇವರು ಬಿಟ್ಟಿದ್ದರು. ಈ ಹಂತದಲ್ಲಿ ಅವರ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಫ್ಯಾನು ಸುಸ್ಥಿತಿಯಲ್ಲಿತ್ತು. ತಂಗಮ್ಮನವರು "ಅಷ್ಟೇನಾ?" ಎಂದರು. ಕಣ್ಣಿದ್ದ ಹದಿನಾಲ್ಕು ಮಂದಿ ಮೇಜು ನೋಡಿದರು.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಮೂಲಕ ಸೂಚಿಸಲಾಗಿದೆ:

1. ಬದಲಿ ಬರಹದಲ್ಲಿ ಏನನ್ನು ಎಣಿಸಲಾಗಿದೆ, ಎಷ್ಟರಿಂದ ಎಷ್ಟಕ್ಕೆ ಹೋಗಿದೆ, ಅದರಿಂದ ತಿಳಿಯುವುದೇನು ಎಂಬುದಿರತಕ್ಕದ್ದು. ಇಲಾಖೆಯ ಹೊಗಳಿಕೆಯನ್ನು ಅಂಕಿಯೆಂದು ಪರಿಗಣಿಸಲಾಗದು.

2. ಬುಡದ ಗೆರೆ ಸೊನ್ನೆಯಿಂದ ಏಳದಿದ್ದರೆ ಅದನ್ನೇ ಮೊದಲು ಹೇಳತಕ್ಕದ್ದು. ಮುಚ್ಚಿಟ್ಟವರು ಆಯಾ ಬೋಟಿನಲ್ಲಿ ನಿಂತುಕೊಂಡು ಪ್ರಯಾಣಿಸತಕ್ಕದ್ದು. ಆದೇಶ ಹೊರಡುವ ಮೊದಲೇ ಶ್ರೀ ಪುಷ್ಕರನ್ ಅವರು ಸ್ವಇಚ್ಛೆಯಿಂದ ಹೋಗಿಬಂದಿದ್ದು, ಸಿಗಡಿಯ ವಾಸನೆಯೊಂದಿಗೆ ಹಾಜರಾಗಿ ಹೊಸ ಬರಹ ಸಲ್ಲಿಸಿರುತ್ತಾರೆ: 'ಆರೂವರೆಯ ಬೋಟಿನ ಪ್ರಯಾಣಿಕರು: ನೂರಹದಿನೆಂಟು ಇದ್ದದ್ದು ನೂರೊಂಬತ್ತಾಗಿದೆ. ಜನ ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. ನಾನು ನಿಂತೇ ಹೋದೆ.' ಇದನ್ನು ಮಾದರಿಯಾಗಿ ಅಂಗೀಕರಿಸಲಾಗಿದೆ.

3. 'ಕೆಂಪು ಕಂಬ ನೋಡಿ' ಎನ್ನತಕ್ಕದ್ದಲ್ಲ, ಕಂಬಕ್ಕೆ ಹೆಸರಿಡತಕ್ಕದ್ದು. ಹೆಂಡತಿಯ ಅಥವಾ ಮೇಲಧಿಕಾರಿಯ ಹೆಸರಿಡುವಂತಿಲ್ಲ.

4. 'ಇಲ್ಲಿ', 'ಅಲ್ಲಿ', 'ಇದು ಹಿಂಗೆ ಹೋಗಿ ಹಿಂಗೆ ಬಂತು' ಎಂಬ ಮಾತುಗಳನ್ನು ನಿಷೇಧಿಸಲಾಗಿದೆ. ಗೋಡೆಗೆ ಕೆಂಪು ಚುಕ್ಕೆ ಬಿಡುವ ಟಾರ್ಚುಗಳನ್ನು ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಉಗ್ರಾಣದ ಬೆಕ್ಕು ಆಟವಾಡುವ ಒಂದಕ್ಕೆ ಮಾತ್ರ ವಿನಾಯಿತಿ.

5. ದುಂಡು ಗ್ರಾಫನ್ನು ಪಪ್ಪಡಕ್ಕೆ, ಅಂದರೆ ಹಪ್ಪಳಕ್ಕೆ, ಹೋಲಿಸಿ ವಿವರಿಸಬಹುದು. ಆದರೆ ಮಧ್ಯಾಹ್ನದ ಊಟಕ್ಕೆ ಮುಂಚಿನ ಸಭೆಗಳಲ್ಲಿ ಹಾಗೆ ವಿವರಿಸತಕ್ಕದ್ದಲ್ಲ. ಜಲಸಾರಿಗೆಯ ವರಮಾನದ ಕಾಲು ಪಪ್ಪಡ ಎಲ್ಲಿ ಹೋಯಿತೆಂಬ ಚರ್ಚೆಯಲ್ಲಿ ಸಭೆ ಕ್ಯಾಂಟೀನಿಗೆ ಸ್ಥಳಾಂತರಗೊಂಡ ನಿದರ್ಶನವಿದೆ.

6. ಬದಲಿ ಬರಹ ಬರೆಯಲು ಕೂತಾಗ ಗ್ರಾಫ್ ಏನು ಹೇಳುತ್ತಿದೆಯೆಂದು ತನಗೇ ಗೊತ್ತಿಲ್ಲವೆಂಬುದು ಸಿಬ್ಬಂದಿಗೆ ಅರಿವಾದಲ್ಲಿ, ಗ್ರಾಫನ್ನು ಹಿಂಪಡೆಯತಕ್ಕದ್ದು. ಈ ಕಲಮಿನ ಕರಡು ಓಡಾಡಿದ ಮಾತ್ರಕ್ಕೇ ವಲಯದಲ್ಲಿ ಮೂರೇ ಗ್ರಾಫುಗಳು ಉಳಿದಿವೆ. ಸಭೆಗಳು ಹಾಲಿಲ್ಲದ ಕಟ್ಟನ್ ಚಹಾ ಬರುವ ಮುನ್ನವೇ ಮುಗಿಯುತ್ತಿರುವ ಬಗ್ಗೆ ಕ್ಯಾಂಟೀನಿನವರ ದೂರನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

(ಸಹಿ: ಎಡದಿಂದ ಹೊರಟು ಎರಡು ಸುತ್ತು ಸುತ್ತಿ, ಬಲಕ್ಕೆ ಕೆಳಗಿಳಿದು ಕಾಗದದ ಅಂಚಿನಲ್ಲಿ ನಿಂತಿದೆ)
(ಮೊಹರು: ದುಂಡಗಿದೆ. ಮಸಿ ಒಣಗಿದ್ದರಿಂದ ಇಲಾಖೆಯ ಹೆಸರು ಮೂಡಿಲ್ಲ)
ಆಡಳಿತಾಧಿಕಾರಿ

ಪ್ರತಿಗಳು:
ಎಲ್ಲ ಶಾಖೆಗಳಿಗೆ, ಪಾಲನೆಗಾಗಿ.
ಉಗ್ರಾಣಕ್ಕೆ, ಬೆಕ್ಕಿನ ಮಾಹಿತಿಗಾಗಿ.
ಜಂಟಿ ನಿರ್ದೇಶಕಿಯವರಿಗೆ, ಫೋಟೋ ಹೊಡೆಯದೆ, ಅಕ್ಷರಗಳಲ್ಲಿ.
ಕೈತಚ್ಚಿರ ಜೆಟ್ಟಿಗೆ. ಇದಿಷ್ಟನ್ನೂ ಅಂಟಿಸುವ ಅಗತ್ಯವಿಲ್ಲ. ಸಿಗಡಿ ಶೆಡ್ಡಿನವರು ಬಂದಾಗ, ಆರೂವರೆಯ ಬೋಟು ಇದೆ ಎಂದು ಗಟ್ಟಿಯಾಗಿ ಹೇಳಿದರೆ ಸಾಕು.