ಕೋಟೆಯೊಳಗೊಬ್ಬ ನಾರ್ವೆಯವ

ವಾಟಿ ಪರ್ವಿಸ್ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಎರಡು ತಿಂಗಳ ಹಿಂದೆ, ಲೀತ್ ಬಡಾವಣೆಯ ಬೌಲಿಂಗ್ ಕ್ಲಬ್ಬಿನಲ್ಲಿ, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ಇದ್ದಾಗ. ಎದುರಿಗೆ ಇಶ್ಬೆಲ್ ರ‍್ಯಾಂಕಿನ್ ಕೂತಿದ್ದಳು. ಮಾತು ಹೇಗೋ ಕೋಟೆಯ ಕಡೆ ಹೊರಳಿತು. "ಎಡಿನ್‌ಬರೋ ಕೋಟೇನಾ? ನನಗೆ ಅದರ ಒಂದೊಂದು ಕಲ್ಲೂ ಗೊತ್ತು," ಎಂದುಬಿಟ್ಟ ವಾಟಿ. ಇಶ್ಬೆಲ್ ಮೆಚ್ಚುಗೆಯಿಂದ ನೋಡಿದಳು. ಆ ನೋಟಕ್ಕಾಗಿ ಅವನು ಇನ್ನೂ ನಾಲ್ಕು ಸುಳ್ಳು ಹೇಳಲು ತಯಾರಿದ್ದ, ಆದರೆ ಬಿಸ್ಕತ್ತು ಚಹಾದೊಳಗೆ ಬಿದ್ದು ಮಾತು ಅಲ್ಲಿಗೇ ನಿಂತಿತು.

ನಿಜ ಏನೆಂದರೆ, ಅವನು ಕೋಟೆಯೊಳಗೆ ಕಾಲಿಟ್ಟವನೇ ಅಲ್ಲ. ಮೂವತ್ತೊಂದು ವರ್ಷ ಅದರ ಬುಡದಲ್ಲೇ ಬಸ್ಸು ಓಡಿಸಿದ, ಅಷ್ಟೇ. ಎಡಿನ್‌ಬರೋದಲ್ಲಿ ಹುಟ್ಟಿದವರು ಕೋಟೆಗೆ ಹೋಗುವುದಿಲ್ಲ. ಅದು ಹೊರಗಿನವರ ಕೆಲಸ. ತಲೆ ಎತ್ತಿದರೆ ಬಂಡೆಯ ಮೇಲೆ ಕಾಣುತ್ತದಲ್ಲ, ಸಾಲದೇ? ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಒಂದಕ್ಕೆ ಅಲ್ಲಿಂದ ಫಿರಂಗಿ ಹಾರುತ್ತದೆ, ಊರವರು ಕೈಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಕೋಟೆಗೂ ಊರಿಗೂ ಇರುವ ವ್ಯವಹಾರ ಇಷ್ಟೇ.

ಈಗ ಕೆನಡಾದಿಂದ ಇಶ್ಬೆಲಳ ಅಕ್ಕ ರೋನಾ ಬಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದಳು. ನಲವತ್ತು ವರ್ಷದ ಮೇಲೆ ಬಂದವಳು. ಗುರುವಾರ ಮಧ್ಯಾಹ್ನ ಎರಡಕ್ಕೆ ಕೋಟೆಯ ಬಾಗಿಲಲ್ಲಿ ಸೇರುವುದು, ವಾಟಿ ಇಬ್ಬರಿಗೂ ಎಲ್ಲ ತೋರಿಸುವುದು ಎಂದು ಇಶ್ಬೆಲ್ ನಿಶ್ಚಯಿಸಿಬಿಟ್ಟಳು. ಅದೇ ದಿನ, ಎಲ್ಲ ತೋರಿಸಿಯಾದ ಮೇಲೆ, ಅವಳನ್ನು ಮದುವೆಗೆ ಕೇಳಬೇಕೆಂದು ವಾಟಿ ನಿಶ್ಚಯಿಸಿದ್ದ. ತಾಯಿಯ ಉಂಗುರವನ್ನು ಕೆಮ್ಮಿನ ಮಿಠಾಯಿಯ ಹಳೆಯ ತಗಡಿನ ಡಬ್ಬಿಯಲ್ಲಿಟ್ಟು ಕೋಟಿನ ಜೇಬಿಗೆ ಸೇರಿಸಿದ್ದ.

ತೊಡಕು ಒಂದೇ. ಇಶ್ಬೆಲಳ ತೀರಿಹೋದ ಗಂಡ ಹೆಕ್ಟರ್ ಬಾಯಿ ಬಿಟ್ಟರೆ ಸುಳ್ಳು. "ಇನ್ನೊಬ್ಬ ಸುಳ್ಳುಗಾರನ ಜೊತೆ ಬಾಳೋದಕ್ಕಿಂತ ಬೆಕ್ಕು ಸಾಕ್ಕೊಂಡು ಇದ್ದುಬಿಡ್ತೀನಿ," ಎಂದು ಅವಳು ವಾಟಿಗೆ ಮೂರು ಸಲ ಹೇಳಿದ್ದಳು. ಬೆಕ್ಕನ್ನು ನೋಡಿಯೂ ಇಟ್ಟಿದ್ದಳು.

ಹಾಗಾಗಿ ಗುರುವಾರ ಬೆಳಗ್ಗೆಯೇ ಗುಟ್ಟಾಗಿ ಕೋಟೆಗೆ ಹೋಗಿ, ಎಲ್ಲ ನೋಡಿ, ಬಾಯಿಪಾಠ ಮಾಡಿಕೊಂಡು, ಎರಡಕ್ಕೆ ಏನೂ ಆಗಿಲ್ಲವೆಂಬಂತೆ ಬಾಗಿಲಲ್ಲಿ ನಿಲ್ಲುವುದು ಎಂದು ವಾಟಿ ಲೆಕ್ಕ ಹಾಕಿದ. ಟೊಪ್ಪಿಗೆ ಇರುವ ಮಳೆ ಕೋಟು ತೊಟ್ಟು, ಬೂಟು ಸದ್ದಾಗದಂತೆ ಮೆಟ್ಟಿಲಿಳಿದ. ಕೆಳಗಿನ ಮನೆಯ ಬೆಸಿ ಟುಲ್ಲಕ್ ಬಾಗಿಲು ತೆರೆದುಕೊಂಡೇ ನಿಂತಿದ್ದಳು.

"ಏನಪ್ಪಾ ವಾಟಿ, ಮೆಟ್ಟಿಲು ತೊಳೆಯೋ ಸರದಿ ಚೀಟಿ ನಿನ್ನ ಬಾಗಿಲಿಗೆ ತಗಲಾಕಿ ನಾಲ್ಕು ದಿನ ಆಯ್ತು."

"ಸಾಯಂಕಾಲ ತೊಳೀತೀನಿ ಬೆಸಿಯಮ್ಮ."

"ಇಷ್ಟು ಹೊತ್ತಿಗೆ ಎಲ್ಲಿಗೆ ಹೊರಟೆ, ಗಡ್ಡ ಬೇರೆ ನುಣ್ಣಗೆ ಮಾಡ್ಕೊಂಡು?"

"ಹಲ್ಲಿನ ಡಾಕ್ಟರ ಹತ್ರ."

"ಹಲ್ಲು ಕೀಳಿಸೋಕೆ ಸೆಂಟು ಹಾಕ್ಕೊಂಡು ಹೋಗೋನು ನೀನೊಬ್ಬನೇ," ಎಂದಳು ಬೆಸಿ. ಹೀಗೆ ಒಂದು ಸುಳ್ಳಿಗೆ ತಮ್ಮನೊಬ್ಬ ಹುಟ್ಟಿದ.

ಕಡಲಿನ ಮಂಜು ಊರನ್ನು ಒದ್ದೆ ಕಂಬಳಿಯಂತೆ ಹೊದ್ದಿತ್ತು. ವಾಟಿಗೆ ಸಮಾಧಾನವೇ ಆಯಿತು. ಮಂಜಿನಲ್ಲಿ ಯಾರ ಗುರುತೂ ಯಾರಿಗೂ ಹತ್ತುವುದಿಲ್ಲ. ಕೋಟೆಯ ಒಳಗೆ, ಗೈಡಿನ ಜೊತೆ ಸುತ್ತುವ ಹನ್ನೆರಡು ಗಂಟೆಯ ಗುಂಪು ಸೇರುತ್ತಿತ್ತು. ಟೊಪ್ಪಿಗೆಯನ್ನು ಮೂಗಿನವರೆಗೆ ಎಳೆದುಕೊಂಡು ವಾಟಿಯೂ ನಿಂತ. ಆಗ ನೀಲಿ ಕೋಟಿನ ಗೈಡು ಮಂಜಿನಿಂದ ಈಚೆ ಬಂದ. ನೋಡಿದರೆ ಡಾಡ್ ಹಾಲ್ಡೇನ್.

ಬಸ್ಸಿನ ಕೆಲಸದಲ್ಲಿ ವಾಟಿಯ ಜೊತೆ ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವನು. ನಿವೃತ್ತನಾದ ಮೇಲೆ ಗೈಡಾಗಿದ್ದಾನೆಂದು ವಾಟಿಗೆ ಗೊತ್ತಿತ್ತು, ಗುರುವಾರ ರಜೆ ಎಂದೂ ಗೊತ್ತಿತ್ತು. ರಜೆಯನ್ನು ಶುಕ್ರವಾರಕ್ಕೆ ಬದಲಾಯಿಸಿಕೊಂಡದ್ದು ಮಾತ್ರ ಗೊತ್ತಿರಲಿಲ್ಲ. ಡಾಡ್‌ಗೆ ಒಂದು ಸಂಗತಿ ತಿಳಿದರೆ ಬೌಲಿಂಗ್ ಕ್ಲಬ್ಬಿನ ಗೋಡೆಗೆ ಅಂಟಿಸಿದ ಹಾಗೆ. ಸಂಜೆಯೊಳಗೆ ಇಶ್ಬೆಲ್‌ಗೂ ಮುಟ್ಟುತ್ತದೆ.

ಡಾಡ್ ಒಬ್ಬೊಬ್ಬರನ್ನೇ ಯಾವ ಊರು ಎಂದು ಕೇಳುತ್ತ ಬಂದ. ವಾಟಿಯ ಮುಂದೆ ನಿಂತ. ಟೊಪ್ಪಿಗೆಯನ್ನು ನೋಡಿದ, ಅದರ ಕೆಳಗಿನ ಗಲ್ಲವನ್ನು ನೋಡಿದ. ಇಪ್ಪತ್ತು ವರ್ಷ ಎದುರಿಗೆ ಕೂತು ಅಗಿಯುವುದನ್ನು ಕಂಡ ಗಲ್ಲ ಅದು. ಡಾಡ್‌ನ ಮುಖದಲ್ಲಿ ಹಬ್ಬದ ಕಳೆ ಬಂತು.

"ಸ್ವಾಮಿಯವರದು ಯಾವ ದೇಶ?"

ವಾಟಿ ನಾಲಿಗೆಗೆ ಬಂದದ್ದನ್ನು ಹೇಳಿದ. "ನಾರ್ವೆ."

"ಓಹೋ. ಬಹಳ ಸಂತೋಷ. ಇಲ್ಲಿ ಒಂದು ಜೋಡಿ ಇದೆ ನೋಡಿ, ನಿಮ್ಮ ದೇಶದವರೇ. ಬನ್ನಿ ಅಮ್ಮಾ, ನಿಮ್ಮ ಕಡೆಯೋರು ಸಿಕ್ಕಿದಾರೆ."

ಎತ್ತರದ ನಾರ್ವೆ ಹೆಂಗಸು, ಅವಳಿಗಿಂತ ಎತ್ತರದ ಗಂಡ, ಇಬ್ಬರೂ ನಗುತ್ತ ಬಂದು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ವಾಟಿ ಕೆಮ್ಮಿದ. ಮತ್ತೆ ಕೇಳಿದರು. ಮತ್ತೆ ಕೆಮ್ಮಿದ. ಗಂಟಲು ತೋರಿಸಿ, ಮಾತು ಬರುವುದಿಲ್ಲ ಎಂದು ಕೈಸನ್ನೆ ಮಾಡಿದ. ನಾರ್ವೆ ಹೆಂಗಸು ಪಾಪ ಎಂದು ಅವನ ಬೆನ್ನು ಸವರಿ, ಅಂದಿನಿಂದ, ಅಂದರೆ ಆ ನಿಮಿಷದಿಂದ, ಅವನ ಪಕ್ಕ ಬಿಟ್ಟು ಅಲುಗಲಿಲ್ಲ.

ಗುಂಪಿನ ಕೊನೆಯಲ್ಲಿ ಒಂಟಿ ಹೆಂಗಸೊಬ್ಬಳಿದ್ದಳು. ಹಳದಿ ಮಳೆ ಕೋಟು, ತಲೆಗೆ ಬಿಗಿಯಾಗಿ ರುಮಾಲು, ಆ ಮಂಜಿನಲ್ಲೂ ಕಪ್ಪು ಕನ್ನಡಕ. ಡಾಡ್ ಕೇಳಿದಾಗ ತಗ್ಗಿದ ದನಿಯಲ್ಲಿ "ಪೋರ್ಚುಗಲ್" ಎಂದಳು. ಡಾಡ್ ಅವಳನ್ನೂ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ, ಆಮೇಲೆ ಟೋಪಿ ತೆಗೆದು ನಮಸ್ಕರಿಸಿದ.

ಗುಂಪು ನಡೆಯಿತು. ದೊಡ್ಡ ಫಿರಂಗಿ, ಪುಟ್ಟ ಕಲ್ಲಿನ ಪ್ರಾರ್ಥನಾ ಮಂದಿರ, ಸಿಪಾಯಿಗಳು ಸಾಕಿದ ನಾಯಿಗಳ ಸಮಾಧಿಗಳು. ಡಾಡ್ ಪ್ರತಿ ಕಲ್ಲಿನ ಹತ್ತಿರ ನಿಂತು, "ನಮ್ಮೂರಲ್ಲಿ ಕೆಲವರು ಇದರ ಒಂದೊಂದು ಕಲ್ಲೂ ಗೊತ್ತು ಅಂತ ಕೊಚ್ಕೋತಾರೆ," ಎಂದು ಸೇರಿಸುತ್ತಿದ್ದ. ವಾಟಿ ಅಂಗೈ ಮೇಲೆ ಪೆನ್ನಿನಿಂದ ಗೀಚಿಕೊಳ್ಳುತ್ತಿದ್ದ. ಪೋರ್ಚುಗಲ್ ಹೆಂಗಸು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಡಾಡ್ ತಿರುಗಿದಾಗಲೆಲ್ಲ ಇಬ್ಬರೂ ಬೇರೆ ಬೇರೆ ಗೋಡೆಗಳಿಗೆ ಮುಖ ಮಾಡುತ್ತಿದ್ದರು.

"ನಮ್ಮ ನಾರ್ವೆ ಅತಿಥಿಗಳ ಗಂಟಲು ಬಹಳ ಕೆಟ್ಟಿದೆ," ಎಂದ ಡಾಡ್ ಒಂದು ಕಡೆ ನಿಂತು. "ಜೇಬಲ್ಲಿ ಮಿಠಾಯಿ ಡಬ್ಬಿ ಇಟ್ಟಿರೋ ಹಾಗಿದೆ. ಒಂದು ಬಾಯಿಗೆ ಹಾಕ್ಕೊಳ್ಳಿ ಸ್ವಾಮಿ."

ಕೋಟಿನ ಜೇಬಿನಿಂದ ತಗಡಿನ ಡಬ್ಬಿಯ ಮೂಲೆ ಇಣುಕುತ್ತಿತ್ತು. ವಾಟಿ ಅದನ್ನು ಒಳಗೆ ತಳ್ಳುವ ಮೊದಲೇ ನಾರ್ವೆ ಹೆಂಗಸು ತಾಯಿಯಂತೆ ತೆಗೆದುಕೊಂಡು ಮುಚ್ಚಳ ತೆರೆದಳು. ಒಳಗೆ ಮಿಠಾಯಿ ಇರಲಿಲ್ಲ. ಅವಳು ಉಂಗುರವನ್ನು ನೋಡಿದಳು, ವಾಟಿಯನ್ನು ನೋಡಿದಳು, ಗಂಡನಿಗೆ ತೋರಿಸಿದಳು. ಅರ್ಧ ನಿಮಿಷದಲ್ಲಿ ಇಡೀ ಗುಂಪಿಗೆ ಸುದ್ದಿ ಹಬ್ಬಿತು: ಈ ಮೂಗ ಮನುಷ್ಯ ಇಲ್ಲಿ ಯಾರನ್ನೋ ಮದುವೆಗೆ ಕೇಳಲು ಬಂದಿದ್ದಾನೆ.

ಯಾರನ್ನು? ಗುಂಪಿನಲ್ಲಿ ಒಂಟಿ ಹೆಂಗಸು ಒಬ್ಬಳೇ. ಎಲ್ಲರ ಕಣ್ಣೂ ಹಳದಿ ಕೋಟಿನತ್ತ ಹೋಯಿತು.

ವಾಟಿ ಎರಡೂ ಕೈ ಆಡಿಸಿ ಇಲ್ಲ ಇಲ್ಲ ಎಂದ. ನಾಚಿಕೆ ಎಂದುಕೊಂಡರು. ಪೋರ್ಚುಗಲ್ ಹೆಂಗಸು ಹಿಂದೆ ಹಿಂದೆ ಸರಿದಳು. ಅದನ್ನೂ ನಾಚಿಕೆ ಎಂದುಕೊಂಡರು. ಅಷ್ಟರಲ್ಲಿ ಫಿರಂಗಿಯ ಕಟ್ಟೆ ಬಂತು, ಒಂದು ಗಂಟೆಗೆ ಎರಡು ನಿಮಿಷ ಬಾಕಿ. ಜನ ಕಿಕ್ಕಿರಿದಿತ್ತು. ನಾರ್ವೆಯವರು ವಾಟಿಯನ್ನು ಮುಂದಕ್ಕೆ ನೂಕಿದರು, ಇನ್ನಾರೋ ಇಬ್ಬರು ಹಳದಿ ಕೋಟನ್ನು ನೂಕಿದರು. ಇಬ್ಬರೂ ಕಟಕಟೆಯ ಹತ್ತಿರ ಬೆನ್ನಿಗೆ ಬೆನ್ನು ತಾಗುವಂತೆ ಬಂದು ನಿಂತರು. ಯಾರೂ ತಿರುಗಲಿಲ್ಲ. ಡಬ್ಬಿ ಮರಳಿ ವಾಟಿಯ ಕೈಗೆ ಬಂದಿತ್ತು. ಬಂಡೆಯಿಂದ ಕೆಳಗೆ ಹಾರಿದರೆ ಪ್ರಿನ್ಸಸ್ ಸ್ಟ್ರೀಟಿನ ಬಸ್ಸೊಂದರ ಮೇಲೆ ಬೀಳಬಹುದೇ ಎಂದು ಅವನು ಯೋಚಿಸುತ್ತಿದ್ದ.

"ಎಲ್ಲರೂ ಕಿವಿ ಮುಚ್ಕೊಳ್ಳಿ," ಎಂದ ಡಾಡ್.

ಫಿರಂಗಿ ಹಾರಿತು. ಮಕ್ಕಳು ಕಿರುಚಿದರು, ದೊಡ್ಡವರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ನಾರ್ವೆಯ ಗಂಡ ತನ್ನ ಟೋಪಿಯನ್ನು ತಾನೇ ತುಳಿದ. ಇನ್ನೂರು ಜನ ಒಟ್ಟಿಗೆ ನೆಲ ಬಿಟ್ಟು ಎದ್ದರು.

ವಾಟಿ ಏಳಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ. ಬಲಗೈ ತಾನಾಗಿ ಎಡತೋಳನ್ನು ಮೇಲೆ ಸರಿಸಿತು. ಗಡಿಯಾರ ಅರ್ಧ ನಿಮಿಷ ಹಿಂದಿತ್ತು. ನಿಧಾನವಾಗಿ ಕೀಲಿ ತಿರುಗಿಸಿ ಮುಳ್ಳು ಸರಿಮಾಡಿದ. ಆಮೇಲೆ, ನಾರ್ವೆಯವನು ಹೀಗೆ ಮಾಡುವುದಿಲ್ಲವಲ್ಲ ಎಂದು ಹೊಳೆದು, ಸುತ್ತ ಯಾರಾದರೂ ನೋಡಿದರೇ ಎಂದು ಹೊರಳಿದ.

ಪಕ್ಕದಲ್ಲಿ ಪೋರ್ಚುಗಲ್ ಹೆಂಗಸು ತೋಳು ಸರಿಸಿಕೊಂಡು, ತಲೆ ಬಗ್ಗಿಸಿ, ತನ್ನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಳು. ಅಗಲವಾದ ಗಂಡಸರ ಗಡಿಯಾರ. ಕಪ್ಪು ಪಟ್ಟಿ. ಆ ಪಟ್ಟಿಗೆ ಹೋದ ತಿಂಗಳು ಹೊಲಿಗೆ ಹಾಕಿ ಕೊಟ್ಟವನು ವಾಟಿಯೇ. ಗಡಿಯಾರ ಹೆಕ್ಟರನದು.

"ಇಶ್ಬೆಲ್," ಎಂದ ನಾರ್ವೆಯ ಮೂಗ.

ಅವಳು ಕಪ್ಪು ಕನ್ನಡಕ ತೆಗೆದಳು. "ವಾಟಿ. ನೀವು ಹಲ್ಲಿನ ಡಾಕ್ಟರ ಹತ್ರ ಹೋಗಿದೀರಿ ಅಂತ ಬೆಸಿ ಫೋನಿನಲ್ಲಿ ಹೇಳಿದಳಲ್ಲ."

ಗುಂಪು ಚಪ್ಪಾಳೆ ತಟ್ಟಿತು. ನಾರ್ವೆ ಹೆಂಗಸು ಕಣ್ಣೊರೆಸಿಕೊಂಡು, "ಒಪ್ಪಿಕೊಳ್ತೀರಾ ಅಮ್ಮಾ?" ಎಂದು ಕೇಳಿಯೇಬಿಟ್ಟಳು.

"ನಾರ್ವೆಯವರನ್ನ ಮಾಡ್ಕೊಳ್ಳೋ ಯೋಚನೆ ನನಗಿಲ್ಲ," ಎಂದಳು ಇಶ್ಬೆಲ್.

ಇಬ್ಬರೂ ನಾಯಿಗಳ ಸಮಾಧಿಯ ಮೇಲಿನ ಗೋಡೆಯ ಹತ್ತಿರ ಹೋಗಿ ನಿಂತರು. ವಾಟಿ ಎಲ್ಲ ಒಪ್ಪಿಕೊಂಡ. ಅಂಗೈ ತೋರಿಸಿದ. ಬೆವರಿಗೆ ಇಸವಿಗಳೆಲ್ಲ ಕಲಸಿಹೋಗಿದ್ದವು. ಇಶ್ಬೆಲ್ ಅದನ್ನು ಹಿಡಿದು ನೋಡಿದಳು. ಆಮೇಲೆ ತನ್ನ ಪುಸ್ತಕ ತೋರಿಸಿದಳು.

"ನಾನೂ ಇಲ್ಲಿಗೆ ಯಾವತ್ತೂ ಬಂದವಳಲ್ಲ. ನಲವತ್ತು ವರ್ಷ ಕ್ರಿಸ್ಮಸ್ ಕಾರ್ಡಿನಲ್ಲಿ ರೋನಾಗೆ ಬರೆದಿದೀನಿ, ಪ್ರತಿ ಬೇಸಗೆ ಕೋಟೆಗೆ ಹೋಗ್ತೀನಿ ಅಂತ. ಅವಳು ಅಷ್ಟು ದೂರ ಹೋಗಿ ದೊಡ್ಡ ಮನೆ ಕಟ್ಟಿದಳು. ನನ್ನ ಹತ್ರ ಹೇಳ್ಕೊಳ್ಳೋಕೆ ಇದ್ದಿದ್ದು ಕೋಟೆ ಒಂದೇ."

ವಾಟಿಗೆ ಅವಳ ಮೇಲೆ ಇದುವರೆಗೆ ಇದ್ದ ಪ್ರೀತಿ ಸಾಲದಾಯಿತು. "ಇನ್ನು ಮೇಲೆ ಸಣ್ಣದಾಗಲಿ ದೊಡ್ಡದಾಗಲಿ, ಒಂದು ಸುಳ್ಳೂ ಹೇಳಲ್ಲ ಇಶ್ಬೆಲ್. ನಮ್ಮಮ್ಮನ ಉಂಗುರದ ಮೇಲಾಣೆ," ಎಂದು ಡಬ್ಬಿಯ ಮೇಲೆ ಕೈಯಿಟ್ಟ.

"ಹಾಗಿದ್ರೆ," ಎಂದಳು ಅವಳು ಕನ್ನಡಕವನ್ನು ಚೀಲಕ್ಕೆ ಹಾಕುತ್ತ, "ರೋನಾಗೆ ಕೋಟೆ ತೋರಿಸಿ ಆಗಲಿ. ಆಮೇಲೆ ಚಹಾ ಕುಡಿಯುವಾಗ ಆ ಡಬ್ಬಿ ತೆಗೆದು ಏನು ಕೇಳಬೇಕೋ ಕೇಳಿ. ನಾನು ಬೆಕ್ಕಿನ ವಿಷಯ ಮಾತಾಡಲ್ಲ."

ಎರಡಕ್ಕೆ ಹತ್ತು ನಿಮಿಷವಿರುವಾಗಲೇ ರೋನಾ ಬಾಗಿಲಿಗೆ ಬಂದಳು. ತಂಗಿಗಿಂತ ದಪ್ಪ, ತಂಗಿಗಿಂತ ಜೋರು. ವಾಟಿ ಗಂಟಲು ಸರಿಮಾಡಿಕೊಂಡು, "ಮೊದಲು ದೊಡ್ಡ ಫಿರಂಗಿ," ಎಂದು ಶುರುಮಾಡಿದ.

"ಅಯ್ಯೋ, ಕೋಟೆ ಬೇಡ," ಎಂದಳು ರೋನಾ. "ಸೋಮವಾರ ಹೊತ್ತು ಹೋಗದೆ ಬಂದು ಎಲ್ಲ ನೋಡಿಬಿಟ್ಟೆ. ಆ ಹಾಲ್ಡೇನ್ ಅನ್ನೋ ಗೈಡು ಎಷ್ಟು ಚೆನ್ನಾಗಿ ಹೇಳ್ತಾನೆ ಅಂತೀರಿ. ಈ ಮೆಟ್ಟಿಲು ಮತ್ತೆ ಹತ್ತೋಕೆ ನನ್ನ ಮಂಡಿ ಕೇಳಲ್ಲ. ನಾಳೆ ಹತ್ತು ಗಂಟೆಗೆ ನನಗೆ ಹೋಲಿರೂಡ್ ಅರಮನೆ ತೋರಿಸಿ. ವಾಟಿಗೆ ಅರಮನೆಯೂ ಕೋಟೆಯಷ್ಟೇ ಗೊತ್ತು ಅಂತ ಇಶ್ಬೆಲ್ ಬರೆದಿದ್ದಳು. ಹೌದೋ ಅಲ್ವೋ?"

ವಾಟಿ ಇಶ್ಬೆಲಳನ್ನು ನೋಡಿದ. ಹಾಗೆ ಬರೆದದ್ದು ಅವಳ ಮುಖದ ಮೇಲೆಯೇ ಇತ್ತು. ಅಕ್ಕನ ಹೆಗಲ ಹಿಂದಿನಿಂದ ಅವಳ ಕಣ್ಣು ಅವನನ್ನು ಬೇಡುತ್ತಿತ್ತು. ಇಲ್ಲ ಎಂದರೆ ನಲವತ್ತು ವರ್ಷದ ಕಾರ್ಡುಗಳೆಲ್ಲ ಒಟ್ಟಿಗೆ ಕುಸಿಯುತ್ತವೆ. ಅರಮನೆಯ ಗೇಟನ್ನು ಅವನು ಕಂಡದ್ದು ಒಮ್ಮೆ ಮಾತ್ರ, ದಾರಿ ತಪ್ಪಿ ಬಸ್ಸು ತಿರುಗಿಸುವಾಗ.

"ಗೊತ್ತಿಲ್ಲದೆ ಏನು," ಎಂದ. "ಒಂದೊಂದು ಕಿಟಕಿಯೂ ಗೊತ್ತು."

"ಇದಪ್ಪಾ ಮನುಷ್ಯ ಅಂದ್ರೆ," ಎಂದು ರೋನಾ ಚಹಾದಂಗಡಿಯತ್ತ ಮುಂದೆ ನಡೆದಳು.

ಇಶ್ಬೆಲ್ ಅವನ ಪಕ್ಕದಲ್ಲಿ ಹೆಜ್ಜೆ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಆಣೆ ಹಾಕಿ ಎಷ್ಟು ಹೊತ್ತಾಯ್ತು?"

ವಾಟಿ ಗಡಿಯಾರ ನೋಡಿದ. ಈಗ ಅದು ಬಹಳ ಸರಿಯಾಗಿತ್ತು. "ನಲವತ್ತು ನಿಮಿಷ."

"ಹೆಕ್ಟರ್ ಕೂಡ ಒಂದು ವಾರ ತಡೀತಿದ್ದ," ಎಂದಳು ಇಶ್ಬೆಲ್.

"ನಿನಗೋಸ್ಕರ ತಾನೆ ಹೇಳಿದ್ದು."

"ಅವನೂ ಹಾಗೇ ಅಂತಿದ್ದ. ಡಬ್ಬಿ ಜೇಬಲ್ಲೇ ಇರಲಿ. ನಾಳೆ ಅರಮನೆ ಹೇಗೆ ತೋರಿಸ್ತೀರಿ ನೋಡೋಣ."

ಚಹಾ ಕುಡಿದರು. ಡಬ್ಬಿ ಜೇಬಿನಲ್ಲೇ ಇತ್ತು. ಸಂಜೆ ವಾಟಿ ಮನೆಗೆ ಬಂದಾಗ ಬೆಸಿ ಟುಲ್ಲಕ್ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಬಕೀಟು ಮತ್ತು ಚಿಂದಿ ಬಟ್ಟೆ. ಎರಡನ್ನೂ ಅವನ ಮುಂದೆ ಇಟ್ಟಳು.

"ಹಲ್ಲು ಹೇಗಿದೆ? ಡಾಡ್ ಹೇಳ್ತಿದ್ದ, ಇಡೀ ನಾರ್ವೆ ಸೇರಿ ಕಿತ್ತರಂತೆ."

ವಾಟಿ ಮೇಲಿನ ಮೆಟ್ಟಿಲಿನಿಂದ ತೊಳೆಯಲು ಶುರುಮಾಡಿದ.

"ನನ್ನ ತಂಗಿ ಮಗಳು ಅರಮನೆ ಬಾಗಿಲಲ್ಲಿ ಕೆಲಸ ಮಾಡ್ತಾಳೆ, ಗೊತ್ತಲ್ಲ," ಎಂದಳು ಬೆಸಿ ಕೆಳಗಿನಿಂದ. "ಬೆಳಗ್ಗೆ ಎಷ್ಟು ಹೊತ್ತಿಗೆ ತೆರೀತಾರೆ ಅಂತ ಇಶ್ಬೆಲ್ ಈಗಷ್ಟೆ ಫೋನು ಮಾಡಿ ಕೇಳಿದಳು. ಒಂಬತ್ತೂವರೆ ಅಂದೆ. ಅದ್ಯಾಕೋ ನಿಮ್ಮ ಡಾಡ್‌ಗೂ ನಾಳೆ ರಜವಂತೆ, ಅವನೂ ಅದನ್ನೇ ಕೇಳಿದ."

ವಾಟಿ ಬಟ್ಟೆ ಹಿಂಡಿದ. ನಾರ್ವೆ ಮುಗಿದಿತ್ತು, ಪೋರ್ಚುಗಲ್ ಇಶ್ಬೆಲಳದು. ಆರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಫಿನ್ಲೆಂಡ್ ಎಂದು ನಿಶ್ಚಯಿಸಿಕೊಂಡ. ಗಡಿಯಾರವನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುವುದೆಂದು ತೀರ್ಮಾನಿಸಿದ.