ಪರೀಕ್ಷೆಗೆ ಮುಂಚಿನ ವಿಶ್ರಾಂತಿ

ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿ ಬೆಳೆದವನು ನಾನು. ಹೆಂಡತಿಯೂ ಸುಳ್ಳು ಹೇಳುವುದಿಲ್ಲ ಎಂದು ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೂ ಕಲಿಯುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ. ಆಗ ನಾವು ಜಯನಗರಕ್ಕೆ ಬಂದ ಹೊಸದು. ನನ್ನಾಕೆ ಶಾರದೆಗೆ ಸದಾ ಸುಸ್ತು, ಬೇಸಿಗೆಯಲ್ಲೂ ಚಳಿ, ಊಟ ಕಡಿಮೆ ಮಾಡಿದರೂ ಮೈ ಊದಿಕೊಳ್ಳುತ್ತಿತ್ತು. ಡಾಕ್ಟರು ಅವಳ ಕತ್ತು ಮುಟ್ಟಿ ನೋಡಿ, “ಥೈರಾಯ್ಡ್ ಮಂದ ಆಗಿರಬಹುದು, ಉಸಿರಿನ ಪರೀಕ್ಷೆ ಮಾಡ್ಸೋಣ. ರಾತ್ರಿಯಿಂದ ಏನೂ ತಿನ್ಬಾರ್ದು, ಪೂರ್ತಿ ರೆಸ್ಟ್ ತಗೋಬೇಕು” ಎಂದರು. ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಯಲ್ಲಿ ಉಸಿರಾಡಿಸಿ, ಮೈಯೊಳಗಿನ ಒಲೆ ಎಷ್ಟು ಉರಿಯುತ್ತಿದೆ ಎಂದು ಅಳೆಯುವ ಯಂತ್ರ ಅದು.

ಪರೀಕ್ಷೆಯ ದಿನ ಬಸ್ಸು ತಪ್ಪೀತೆಂದು ಅವಳನ್ನು ಓಡಿಸಿಕೊಂಡು ಹೋದವನು ನಾನೇ. ನರ್ಸಮ್ಮ “ಅರ್ಧ ಗಂಟೆ ಮಲಗಲಿ ಸಾರ್” ಎಂದರೆ, “ರಾತ್ರಿಯೆಲ್ಲಾ ಮಲಗೇ ಬಂದಿದಾಳಮ್ಮ, ನನಗೆ ಆಫೀಸಿಗೆ ಹೊತ್ತಾಗುತ್ತೆ” ಎಂದು ಜೋರು ಮಾಡಿದೆ. ಫಲಿತಾಂಶ ಬಂತು: ಏನೂ ತೊಂದರೆಯಿಲ್ಲ! ಅಲ್ಲಿಂದ ನನ್ನ ನಾಲಿಗೆಗೆ ಲಂಗುಲಗಾಮಿಲ್ಲ. ಅವಳು ಸುಸ್ತೆಂದು ಕೂತರೆ ಸಾಕು, “ಯಂತ್ರ ಏನು ಹೇಳ್ತು, ನೆನಪಿದೆಯಾ?” ನೆಂಟರೆದುರು “ಇವಳು ಕುಂಭಕರ್ಣನ ತಂಗಿ” ಎಂದು ನಗಿಸಿದೆ. ಅವಳೂ ನಕ್ಕಳು. ಎಂಟು ತಿಂಗಳು ಹೀಗೇ ನಡೆಯಿತು.

ಕೊನೆಗೆ ಅವಳ ದನಿಯೇ ಗೊಗ್ಗರಾದಾಗ ಮತ್ತೆ ಡಾಕ್ಟರ ಬಳಿ ಹೋದೆವು. “ಫಲಿತಾಂಶ ಏರುಪೇರಾಗೋಕೆ ಬೇಕಾದಷ್ಟು ಕಾರಣ ಇದಾವೆ. ಊಟ, ಕಾಫಿ, ಜ್ವರ, ಗಾಬರಿ, ಮೈ ದಣಿವು... ಇವಿದ್ರೆ ಲೆಕ್ಕ ಏರಿ ಕಾಯಿಲೆ ಮುಚ್ಚಿಹೋಗುತ್ತೆ. ಹೋದ್ಸಲ ರೆಸ್ಟ್ ತಗೊಂಡಿದ್ರಾ ತಾಯಿ?” ಎಂದು ಕೇಳಿದರು.

“ಹೂಂ ಡಾಕ್ಟ್ರೇ, ಏನೂ ಮಾಡ್ಲಿಲ್ಲ. ನಾಲ್ಕಕ್ಕೆ ಎದ್ದು ನಲ್ಲಿ ನೀರು ಹಿಡಿದೆ, ಒಲೆ ಹಚ್ಚಿದೆ, ಚಟ್ನಿ ರುಬ್ಬಿದೆ, ಇವರ ಡಬ್ಬಿ ಕಟ್ಟಿದೆ, ಅಷ್ಟೇ. ಬಟ್ಟೆ ಕೂಡ ಒಗೀಲಿಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಎರಡನೆಯ ಪರೀಕ್ಷೆಯ ದಿನ ನೀರು ಹಿಡಿದವನು, ಒಲೆ ಹಚ್ಚಿದವನು ನಾನು. ಹಾಲು ಉಕ್ಕಿಸಿದೆ, ಕೈ ಸುಟ್ಟುಕೊಂಡೆ. ಅವಳು ಮಾತ್ರ ಏಳೂವರೆಯವರೆಗೆ ಹೊದ್ದು ಮಲಗಿದ್ದಳು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಆಸ್ಪತ್ರೆಯಲ್ಲೂ ಅರ್ಧ ಗಂಟೆ ಮಲಗಿಸಿಯೇ ಅಳೆದರು. ಲೆಕ್ಕ ಪಾತಾಳಕ್ಕಿಳಿದಿತ್ತು. ಕಾಯಿಲೆ ನಿಜ, ಸೋಮಾರಿತನ ನಾನು ಕಟ್ಟಿದ ಕಥೆ.

ಮಾತ್ರೆ ಶುರುವಾಗಿ ಅವಳ ದನಿ ಮರಳಿದ ಮೇಲೆ ಒಂದು ದಿನ, “ತಪ್ಪಾಯ್ತು ಕಣೇ” ಎಂದೆ.

“ಹೋಗ್ಲಿ ಬಿಡಿ,” ಎಂದಳು. “ಆ ಪರೀಕ್ಷೆ ವರ್ಷಕ್ಕೆ ಎಷ್ಟು ಸಲ ಮಾಡಿಸ್ಬಹುದು ಅಂತ ಡಾಕ್ಟ್ರನ್ನ ಒಂದು ಮಾತು ಕೇಳಿ.”

ಕೇಳುತ್ತೇನೆ ಎಂದೆ. ಇನ್ನೂ ಕೇಳಿಲ್ಲ.