ಬಿಗಿದರೆ ಬಿಚ್ಚದ ಪಟ್ಟಿ

ವೈರು ಕಟ್ಟುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಅಂತ ಕೆಲವರು ಕೇಳುತ್ತಾರೆ. ಒಂದನ್ನು ಇನ್ನೊಂದಕ್ಕೆ ಕಟ್ಟಿದ ಕಡೆಯಲ್ಲೆಲ್ಲ ಏನಾದರೂ ಆಗುತ್ತಲೇ ಇರುತ್ತದೆ ಅನ್ನುವುದು ನನ್ನ ಅನುಭವ.

ಎಂಬತ್ತರ ದಶಕದಲ್ಲಿ ನಾನು ಜೆ.ಪಿ. ನಗರದ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಮೋಟಾರುಗಳಿಗೆ ಬೇಕಾದ ಕಂಟ್ರೋಲ್ ಪ್ಯಾನೆಲ್ ಅಲ್ಲಿ ತಯಾರಾಗುತ್ತಿತ್ತು. ತಗಡಿನ ಬೀರುವಿನಂಥ ಪೆಟ್ಟಿಗೆ, ಒಳಗೆ ರಾಶಿ ರಾಶಿ ವೈರು. ಅವನ್ನು ಒಟ್ಟುಗೂಡಿಸಿ, ಮೇಣ ಸವರಿದ ದಾರದಿಂದ ಗೇಣಿಗೊಂದು ಗಂಟು ಹಾಕಿ ಒಪ್ಪವಾಗಿ ಕಟ್ಟುವುದು ನಮ್ಮಂಥ ಹೆಂಗಸರ ಪಾಲಿನ ಕೆಲಸ.

ಹೂ ಕಟ್ಟೋಕೆ ಬರುತ್ತಾ?

ಕೆಲಸ ಕೇಳಿಕೊಂಡು ಹೋದ ದಿನ ಸೂಪರ್‌ವೈಸರ್ ನನ್ನ ಓದಿನ ಬಗ್ಗೆ ಏನೂ ಕೇಳಲಿಲ್ಲ. ವಯಸ್ಸಾದವರು, ಹಣೆ ತುಂಬ ವಿಭೂತಿ, ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. "ಹೂ ಕಟ್ಟೋಕೆ ಬರುತ್ತಾ?" ಅಂದರು. ಬರುತ್ತೆ ಅಂದೆ. ಒಂದು ಹಿಡಿ ವೈರು, ಒಂದು ದಾರದುಂಡೆ ಕೊಟ್ಟು ಕೂರಿಸಿದರು.

ಮದುವೆಯಾಗಿ ಯಡಿಯೂರಿಗೆ ಬಂದ ಹೊಸತು. ಗಂಡನೊಬ್ಬನ ಸಂಬಳದಲ್ಲಿ ಮನೆ ನಡೆಯುವುದು ಕಷ್ಟವಿತ್ತು, ಅತ್ತೆಗೆ ನಾನು ಹೊರಗೆ ದುಡಿಯುವುದು ಇಷ್ಟವಿರಲಿಲ್ಲ. ಈ ಕೆಲಸ ಸಿಗದಿದ್ದರೆ ಅವರು ಇನ್ನೊಂದಕ್ಕೆ ಕಳಿಸುವುದಿಲ್ಲ ಅಂತ ಗೊತ್ತಿತ್ತು. ತಲೆ ಎತ್ತದೆ ಕಟ್ಟಿದೆ. ಸೂಪರ್‌ವೈಸರ್ ಬಂದು ಕೈಗೆತ್ತಿಕೊಂಡು, ಎಳೆದು ನೋಡಿ, ಬೆಳಕಿಗೆ ಹಿಡಿದು ನೋಡಿದರು.

"ಗಂಟು ಚೆನ್ನಾಗಿದೆಯಮ್ಮ. ನಾಳೆಯಿಂದ ಬಾ. ಆದ್ರೆ ಮಧ್ಯ ಮಧ್ಯ ಹಸಿರು ವೈರಿನ ತುಂಡು ಸೇರಿಸಿದೀಯಲ್ಲ, ಅದ್ಯಾಕೆ?"

ನೋಡಿಕೊಂಡೆ. ಕೈ ತನ್ನ ಪಾಡಿಗೆ ಮಲ್ಲಿಗೆಯ ನಡುವೆ ಮರುಗ ಇಟ್ಟು ಕಟ್ಟಿಬಿಟ್ಟಿತ್ತು.

ಹಿಗ್ಗಿದ ಬಳೆ

ಒಂದೆರಡು ವರ್ಷದ ಮೇಲೆ ಮಾಲೀಕರು ಒಂದು ಪೊಟ್ಟಣ ತಂದು ಮೇಜಿನ ಮೇಲೆ ಸುರಿದರು. ಬಿಳಿ ನೈಲಾನ್ ಪಟ್ಟಿಗಳು. ಬಾಲವನ್ನು ತಲೆಯ ತೂತಿನೊಳಗೆ ತೂರಿಸಿ ಎಳೆದರೆ ಸಾಕು, ಗಂಟು ಬೇಡ, ಮೇಣ ಬೇಡ. ಕೇಬಲ್ ಟೈ ಅನ್ನುತ್ತಾರೆ ಅಂತ ಹೇಳಿ ಹೋದರು. ಒಮ್ಮೆ ಬಿಗಿದರೆ ಬಿಚ್ಚುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಬನಶಂಕರಿಯಿಂದ ಬರುತ್ತಿದ್ದ ನನ್ನ ಗೆಳತಿ, ಅವಳದೂ ಹೊಸ ಮದುವೆ, ಒಂದನ್ನು ಕೈಗೆ ಬಳೆಯ ಹಾಗೆ ಹಾಕಿಕೊಂಡು ಎಳೆದಳು. ಸದ್ದಾಯಿತು, ಕೂತಿತು. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಕೈ ಊದಿತೇ ಹೊರತು ಪಟ್ಟಿ ಜರುಗಲಿಲ್ಲ. ಸೂಪರ್‌ವೈಸರ್ ಕಟರ್ ಹಿಡಿದು ಬಂದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅದು ಬಳೆಯ ಹಾಗೆ ಕೈಯೇರಿದೆ, ಮುತ್ತೈದೆಯ ಕೈಬಳೆ ಕತ್ತರಿಸಬಾರದು, ಗಂಡನಿಗೆ ಒಳ್ಳೆಯದಲ್ಲ ಅಂತ ಅಳುವುದಕ್ಕೇ ಶುರುಮಾಡಿದಳು.

ನಾವ್ಯಾರೂ ನಗಲಿಲ್ಲ. ನಗುವ ವಿಷಯ ಅಂತ ಆಗ ಅನಿಸಲೇ ಇಲ್ಲ. ಸೂಪರ್‌ವೈಸರ್ ಅವಳ ಪಕ್ಕ ಕೂತರು. ಬಳೆ ಒಡೆದರೆ ಒಡೆಯಿತು ಅನ್ನಬಾರದು, ಹಿಗ್ಗಿತು ಅನ್ನಬೇಕು, ನಮ್ಮ ಮನೆಯಲ್ಲೂ ಹಾಗೇ ಅಂತ ಸಮಾಧಾನ ಹೇಳಿ, ಪಟ್ಟಿಯ ಕೆಳಗೆ ಹುಷಾರಾಗಿ ಕಟರ್ ತೂರಿಸಿ ಒತ್ತಿದರು. "ಹಿಗ್ಗಿತು" ಅಂದರು. ಅವಳು ಕಣ್ಣೊರೆಸಿಕೊಂಡಳು.

ಅಂದಿನಿಂದ ತಪ್ಪಾಗಿ ಬಿಗಿದ ಟೈ ಕತ್ತರಿಸಬೇಕಾದಾಗಲೆಲ್ಲ ಹಾಗೇ ಹೇಳುವುದು ರೂಢಿಯಾಯಿತು. ಒಂದು ಸಲ ಹೊರಗಿನಿಂದ ತಪಾಸಣೆಗೆ ಬಂದ ಇಂಜಿನಿಯರ್, ಈ ಟೈಗೆ ಏನಾಯಿತು ಅಂತ ಕೇಳಿದರು. ಗೆಳತಿ ಎದ್ದು ನಿಂತು, "ಹಿಗ್ಗಿತು ಸಾರ್" ಅಂದಳು. ಅವರು ಬಿಸಿಲಿಗೇ ಇರಬೇಕು ಅಂದುಕೊಂಡು, ಪ್ಯಾನೆಲ್ ನೆರಳಿನಲ್ಲಿಡಿ ಅಂತ ಹೇಳಿ ಹೋದರು.

ಆಯುಧಪೂಜೆ

ಆ ಪಟ್ಟಿಗಳನ್ನು ಸೂಪರ್‌ವೈಸರ್ ಕೈಯಿಂದ ಮುಟ್ಟುತ್ತಿರಲಿಲ್ಲ. ದಾರ ಹೋದರೆ ಹೆಂಗಸರ ಕೆಲಸವೂ ಹೋಗುತ್ತೆ ಅನ್ನುವ ಭಯ ನಮಗೂ ಇತ್ತು, ನಮಗಿಂತ ಹೆಚ್ಚಾಗಿ ಅವರಿಗಿತ್ತು. ಯಾರನ್ನೂ ಬಿಡಿಸಬೇಡಿ ಅಂತ ಮಾಲೀಕರ ಹತ್ತಿರ ಅವರೇ ಹೋಗಿ ಕೂತಿದ್ದರಂತೆ. ಬಿಗಿಯುವುದನ್ನು ಟೈ ಮಾಡಬಹುದು, ವೈರು ಜೋಡಿಸುವುದಕ್ಕೆ ಕೈ ಬೇಕಲ್ಲ ಅಂತ ಮಾಲೀಕರು ಒಪ್ಪಿಕೊಂಡರು. ಕೆಲಸ ಉಳಿಯಿತು. ಪಟ್ಟಿ ಮುಟ್ಟದ ಸೂಪರ್‌ವೈಸರ್ ಹಟವೂ ಉಳಿಯಿತು.

ಆ ವರ್ಷದ ಆಯುಧಪೂಜೆಗೆ ದೊಡ್ಡ ಪ್ಯಾನೆಲ್ಲಿನ ನೆತ್ತಿಗೆ ಚೆಂಡುಹೂವಿನ ಹಾರ ಹಾಕಬೇಕಿತ್ತು. ನುಣುಪಾದ ತಗಡು, ದಾರದಲ್ಲಿ ಎಷ್ಟು ಸಲ ಕಟ್ಟಿದರೂ ಹಾರ ಜಾರಿ ಅವರ ಕೊರಳಿಗೇ ಬೀಳುತ್ತಿತ್ತು. ಮಂಗಳಾರತಿ ಹೊತ್ತಿಗೆ ನೋಡಿದರೆ ಹಾರ ನೆಟ್ಟಗೆ ನಿಂತಿದೆ, ಎರಡೂ ತುದಿಯಲ್ಲಿ ಬಿಳಿ ಬಾಲ. ನಾವು ಅವರ ಮುಖ ನೋಡಿದೆವು.

"ದೇವರ ಕೆಲಸ ಬೇರೆ" ಅಂದು ಗಂಟೆ ಬಾರಿಸಿದರು.

ಚಟ್ನಿ

ಒಂದು ಸಲ ಶೆಡ್ಡಿನಲ್ಲಿ ಉಳಿದ ಟೈಗಳನ್ನು ಕೇಳಿಕೊಂಡು ಮನೆಗೆ ತಂದೆ. ಅತ್ತೆಗೆ ನನ್ನ ಕೆಲಸ ಎಂಥದು ಅಂತ ತೋರಿಸುವ ಆಸೆ. ಅವರು ದೇವಸ್ಥಾನಕ್ಕೆ ಹೋಗಿದ್ದಾಗ ಇಸ್ತ್ರಿಪೆಟ್ಟಿಗೆ, ಫ್ಯಾನು, ರೇಡಿಯೋ, ಮಿಕ್ಸಿ, ಎಲ್ಲದರ ವೈರನ್ನೂ ಸುತ್ತಿ, ಮಡಿಸಿ, ಬಿಗಿದಿಟ್ಟೆ. ಮನೆ ಅಚ್ಚುಕಟ್ಟಾಗಿ ಕಂಡಿತು.

ಮರುದಿನ ದೋಸೆ. ಮಿಕ್ಸಿಯ ವೈರು ಗೇಣುದ್ದ ಉಳಿದಿತ್ತು, ಗೋಡೆಯ ಪ್ಲಗ್ ಪಾಯಿಂಟು ಎದೆಯೆತ್ತರದಲ್ಲಿತ್ತು. ಕಟರ್ ಶೆಡ್ಡಿನಲ್ಲಿ. ಚಾಕುವಿನಿಂದ ಕೊಯ್ಯಲು ಹೋದರೆ ವೈರಿಗೇ ಗಾಯವಾಗುತ್ತೆ. ಅತ್ತೆ ಮಗನನ್ನು ಕರೆದರು. ನನ್ನ ಗಂಡ ಮಿಕ್ಸಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಸ್ವಿಚ್ಚಿನ ಪಕ್ಕ ನಿಂತರು. ಅತ್ತೆ ಮುಚ್ಚಳ ಒತ್ತಿ ಹಿಡಿದರು. ನಾನು ಸ್ವಿಚ್ ಹಾಕಿದೆ. ಮಿಕ್ಸಿಯ ಜೊತೆ ಅವರೂ ಅದುರಿದರು.

ಚಟ್ನಿ ಆದ ಮೇಲೆ ಅತ್ತೆ ಹೇಳಿದ್ದು ಇಷ್ಟೇ: "ನಾಳೆ ಇಸ್ತ್ರಿ ಇದೆ ಮಗ. ಆಫೀಸಿಗೆ ರಜಾ ಹಾಕು."

ಹೊರಡಲೊಲ್ಲದ ಗಣೇಶ

ಒಂದು ವರ್ಷ ನಮ್ಮ ಬೀದಿಯ ಗಣೇಶನ ಪೆಂಡಾಲಿಗೆ ಸೀರಿಯಲ್ ಸೆಟ್ ಕಟ್ಟುವವರಿಗೆ ನನ್ನ ಗಂಡ ಒಂದು ಹಿಡಿ ಟೈ ಕೊಟ್ಟರು. ಚೆನ್ನಾಗಿ ಕಟ್ಟಿದರು, ಒಂದು ಬಲ್ಬೂ ಅಲ್ಲಾಡಲಿಲ್ಲ.

ವಿಸರ್ಜನೆಯ ಸಂಜೆ ಪುರೋಹಿತರು ಮಂತ್ರ ಹೇಳಿ ಮುಗಿಸಿದರು, ತಮಟೆ ಶುರುವಾಯಿತು, ಯಡಿಯೂರು ಕೆರೆಗೆ ಹೊರಡಬೇಕು. ಎತ್ತಿದರು. ಗಣೇಶ ಏಳಲಿಲ್ಲ, ಒಂದು ಪಕ್ಕಕ್ಕೆ ವಾಲಿದ. ಗಾಬರಿಯಾಗಿ ಇಳಿಸಿದರು. ಇನ್ನೊಮ್ಮೆ ಎತ್ತಿದರೂ ಅದೇ. ಮಣ್ಣಿನ ಮೂರ್ತಿ, ಕೈ ಮುರಿದರೆ ಇಡೀ ಬೀದಿಗೆ ಅಪಶಕುನ. ತಮಟೆ ನಿಂತಿತು. ಸ್ವಾಮಿಗೆ ಹೊರಡಲು ಮನಸ್ಸಿಲ್ಲ ಅಂದರು ಪುರೋಹಿತರು. ಕೆಲವರು ಅಲ್ಲೇ ಅಡ್ಡಬಿದ್ದರು.

ನನಗೆ ಹಾರದ ಸಂದಿಯಲ್ಲಿ ಟೈ ಕಂಡಿತು. ಪ್ರಭಾವಳಿಯ ಬಲ್ಬಿನ ವೈರನ್ನು ಗಣೇಶನ ಹಿಂದಿನ ಕೈಗೂ ಪೆಂಡಾಲಿನ ಕಂಬಕ್ಕೂ ಸೇರಿಸಿ ಬಿಗಿದುಬಿಟ್ಟಿದ್ದರು. ಅಷ್ಟು ಜನ ಅಡ್ಡಬಿದ್ದಿರುವಾಗ ಹೇಗೆ ಹೇಳುವುದು? ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಗಣೇಶನ ಕೈ ನೋಡಿದರು.

"ನಿಂದಾ?" ಅಂತ ಪಿಸುಗುಟ್ಟಿದರು. ತಲೆಯಾಡಿಸಿದೆ.

ಅವರು ಸೆರಗು ಸರಿಮಾಡಿಕೊಂಡು ಮುಂದೆ ಹೋದರು. ಸ್ವಾಮಿ ಇನ್ನೊಂದು ದಿನ ಇರ್ತಾನಂತೆ, ನಾಳೆ ನಮ್ಮ ಮನೆಯಿಂದ ಕಡುಬಿನ ನೈವೇದ್ಯ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಯಾರೂ ಎದುರಾಡಲಿಲ್ಲ.

ಮರುದಿನ ಶೆಡ್ಡಿನಿಂದ ಕಟರ್ ತಂದೆ. ಅತ್ತೆ ಅದನ್ನು ತಟ್ಟೆಯಲ್ಲಿ ಬಾಳೆಲೆಯ ಕೆಳಗಿಟ್ಟು ಮೇಲೆ ಕಡುಬು ಜೋಡಿಸಿದರು. ನೈವೇದ್ಯಕ್ಕೆ ಪರದೆ ಎಳೆದಾಗ ಒಳಗೆ ನಾವಿಬ್ಬರೇ. ನಾನು ಕತ್ತರಿಸುವಾಗ ಸದ್ದು ಕೇಳಬಾರದು ಅಂತ ಅವರು ಜೋರಾಗಿ ಕೆಮ್ಮಿದರು. ಪರದೆ ಸರಿಯಿತು, ಎತ್ತಿದರು, ಗಣೇಶ ಹೂವಿನ ಹಾಗೆ ಎದ್ದ. ಬೀದಿಯೆಲ್ಲ ಅತ್ತೆಗೆ ಕೈಮುಗಿಯಿತು.

ಮುಂದಿನ ವರ್ಷ ಮೊದಲ ಸಲಕ್ಕೇ ಗಣೇಶ ಸಲೀಸಾಗಿ ಎದ್ದು ಹೊರಟ. ಜನರ ಮುಖ ಸಪ್ಪಗಾಯಿತು. ಪುರೋಹಿತರೇ ಅತ್ತೆಯ ಹತ್ತಿರ ಬಂದು, "ಈ ಸಲ ಸ್ವಾಮಿ ಒಂದು ಕ್ಷಣವೂ ನಿಲ್ಲಲಿಲ್ಲವಲ್ಲಮ್ಮ, ನಮ್ಮಿಂದ ಏನಾದ್ರೂ ಲೋಪ ಆಯ್ತಾ?" ಅಂತ ಕೇಳಿದರು.

ಅತ್ತೆ ಬಹಳ ಗಂಭೀರವಾಗಿ ಹೇಳಿದರು: "ಈ ಸಲ ಬರೀ ದಾರದಲ್ಲಿ ಕಟ್ಟಿದ್ರು."